ಗಾಡಿ ಓಟಕ್ಕೆ ಜನ ಇದ್ದಾರೆ, ಮನೇಲಿ ಎತ್ತು ಇದ್ಯಾ?

ಪಾಂಡವಪುರ, ಕೆ.ಆರ್. ಪೇಟೆ ಕಡೆ
ಎತ್ತಿನಗಾಡಿ ಓಟ ನೋಡಿದ್ದೀರಾ?
ಜನ ಸೇರ್ತಾರೆ. ಆದ್ರೆ ಓಡೋ ಎತ್ತಿನ ಜೊತೆ ಆ ಹಳೇ ನಂಟು ಯಾಕಿಲ್ಲ?

2014ರಲ್ಲಿ ಸುಪ್ರೀಂ ಕೋರ್ಟ್ ಓಟ ನಿಲ್ಲಿಸ್ತು.
2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು.
2023ರಲ್ಲಿ ಕೋರ್ಟೂ ಒಪ್ತು.
ಓಟ ವಾಪಸ್ ಬಂತು.

ಆದ್ರೆ ನಂಟು ಕಳಚೋಕೆ ದೊಡ್ಡ ಕಾರಣ ಇರೋದು ನಮ್ಮ ಕೊಟ್ಟಿಗೇಲಿ.

ಆಗ ಓಡ್ತಿದ್ದಿದ್ದು ಉಳೋ ಎತ್ತು.
ಗದ್ದೇಲಿ ನೇಗಿಲು, ಆಲೆಮನೆಗೆ ಕಬ್ಬು,
ಓಟದ ದಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ.
ಪಕ್ಕದ ಮನೆ ಹಳ್ಳಿಕಾರ್ ಜೋಡಿ ಗೆದ್ರೆ
ಇಡೀ ಊರೇ ಗೆದ್ದಂಗೆ!

ಟ್ರ್ಯಾಕ್ಟರ್ ಬಂತು. ಕೊಟ್ಟಿಗೆ ಖಾಲಿಯಾಯ್ತು.
ಈಗ ಓಟಕ್ಕೇ ಅಂತ ಸಾಕಿದ ಜೋಡಿ.
ಬೆಲೆ ಲಕ್ಷಗಳಲ್ಲಿ.

ಅಮೆರಿಕದ ನಾಸ್ಕಾರ್ ಕಾರ್ ರೇಸ್ ನೋಡಿ, ಅಲ್ಲೂ ಇದೇ ಕಥೆ.
1949ರಲ್ಲಿ ಶೋರೂಮ್ ಕಾರೇ ಟ್ರ್ಯಾಕಿಗಿಳೀತಿತ್ತು.
‘ನಮ್ಮನೆ ಕಾರು ಗೆಲ್ತು’ ಅಂತ ಜನ ಕುಣೀತಿದ್ರು.
2022ರಿಂದ ಚಾಸಿ, ಗೇರ್‌ಬಾಕ್ಸ್ ಎಲ್ಲಾ ತಂಡಕ್ಕೂ ಒಂದೇ.
ಎಂಜಿನ್, ಹೊರಗಿನ ರೂಪ ಮಾತ್ರ ಕಂಪನಿಗೆ ತಕ್ಕಂತೆ ಬೇರೆ.
ಅಲ್ಲೂ ನಂಟು ಸಡಿಲವಾಯ್ತು.

ನಮಗಿನ್ನೂ ಕಾಲ ಮಿಂಚಿಲ್ಲ.
ಬೇಬಿ ಬೆಟ್ಟ, ಹೇಮಗಿರಿ ದನದ ಜಾತ್ರೇಲಿ
ಹಳ್ಳಿಕಾರ್ ಜೋಡಿ ಇನ್ನೂ ಸಿಗ್ತವೆ.
ಶ್ರೀರಂಗಪಟ್ಟಣ, ನಾಗಮಂಗಲದೋರೇ,
ನಿಮ್ಮೂರಲ್ಲಿ ಉಳೋ ಎತ್ತು ಎಷ್ಟು ಜೋಡಿ ಉಳಿದಾವೆ?
ಕಾಮೆಂಟಲ್ಲಿ ಊರಿನ ಹೆಸರು ಹಾಕಿ ಹೇಳಿ.