ಅಂಗೈಯಗಲದ ಆಕಾಶವಾಣಿ

ರೇಡಿಯೋ ಎಂದೊಡನೆ ಅಜ್ಜಂದಿರಿಗೆ ನೆನಪಾಗುವುದು ಮರದ ದೊಡ್ಡ ಪೆಟ್ಟಿಗೆ. ಆಮೇಲೆ ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಬಂದಿತು. ಈಗ ವಿಜ್ಞಾನ ಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ಕೊಳ್ಳುವ ಎಫ್.ಎಂ. ಗ್ರಾಹಕ ಮಾಡ್ಯೂಲ್ ಅಂಚೆ ಚೀಟಿಯಷ್ಟೇ ಚಿಕ್ಕದು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿಲಿಪ್ಸ್ ಕಂಪೆನಿ ರೂಪಿಸಿದ ಟಿ.ಇ.ಎ. 5767 ಎಂಬ ಚಿಪ್ಪಿನದು. ತಂತಿ ಜೋಡಿಸಿದರೆ ಹಾಡು ಕೇಳುತ್ತದೆ, ನಿಜ. ಆದರೆ ಒಳಗಿನ ಕೆಲಸ ತಿಳಿಯದಿದ್ದರೆ ಅದು ಮೂಕವಾದ ದಿನ ನಮಗೆ ದಾರಿ ತೋಚದು.

ಯಾವ ರೇಡಿಯೋ ಗ್ರಾಹಕಕ್ಕೂ ಮೂರು ಕೆಲಸಗಳಿವೆ.

ಮೊದಲನೆಯದು ಅಲೆಯನ್ನು ಹಿಡಿಯುವುದು. ಇದು ಆಂಟೆನಾದ ಕೆಲಸ. 300ನ್ನು ನಿಲಯದ ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. 100 ಮೆಗಾಹರ್ಟ್ಸ್ ನಿಲಯಕ್ಕೆ ಅದು 3 ಮೀಟರ್. ಅದರ ಕಾಲು ಭಾಗ, ಎಂದರೆ 75 ಸೆಂಟಿಮೀಟರ್ ತಂತಿ, ಆಂಟೆನಾಕ್ಕೆ ತಕ್ಕ ಅಳತೆ. ಎಫ್.ಎಂ. ಅಲೆಗಳಿಗೆ ರಾಜ್ಯಗಳ ಗಡಿ ಅಡ್ಡಿಯಲ್ಲ, ಗುಡ್ಡಗಳು ಅಡ್ಡಿ. ಆದುದರಿಂದ ತಂತಿ ಎತ್ತರದಲ್ಲಿದ್ದಷ್ಟೂ ಒಳ್ಳೆಯದು.

ಎರಡನೆಯದು ಬೇಕಾದ ನಿಲಯವನ್ನು ಆರಿಸುವುದು. ಹಳೆಯ ರೇಡಿಯೋದಲ್ಲಿ ತಿರುಪು ತಿರುಗಿಸುತ್ತಿದ್ದೆವು. ಇಲ್ಲಿ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕವು ಎರಡು ತಂತಿಗಳ ಮೂಲಕ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಮಾಡ್ಯೂಲು ತಾನೇ ಒಂದು ಆವರ್ತನವನ್ನು ಹುಟ್ಟಿಸಿ ಬಂದ ಅಲೆಯೊಡನೆ ಬೆರೆಸುತ್ತದೆ. ಎರಡರ ವ್ಯತ್ಯಾಸ 2,25,000 ಹರ್ಟ್ಸ್ ಆದಾಗ ಆ ನಿಲಯ ಸಿಕ್ಕಿತೆಂದು ಅರ್ಥ. ಹೀಗೆ ಬೆರೆಸುವ ಉಪಾಯವನ್ನು 1918ರಲ್ಲಿ ರೂಪಿಸಿದವರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಪ್ರಮುಖರು. ಅಳತೆಗೋಲು ಕೈಗಡಿಯಾರದಲ್ಲಿರುವಂಥ 32,768 ಹರ್ಟ್ಸ್ ಸ್ಫಟಿಕ. ಲೆಕ್ಕ ಸುಲಭ: 100 ಮೆಗಾಹರ್ಟ್ಸಿಗೆ ಆ ವ್ಯತ್ಯಾಸವನ್ನು ಕೂಡಿಸಿ, 4ರಿಂದ ಗುಣಿಸಿ, 32,768ರಿಂದ ಭಾಗಿಸಿರಿ. ಭಿನ್ನರಾಶಿಯನ್ನು ಬಿಟ್ಟರೆ ಉತ್ತರ 12,234. ಕಳುಹಿಸಬೇಕಾದ ಸಂಖ್ಯೆ ಇದೇ.

ಮೂರನೆಯದು ಧ್ವನಿಯನ್ನು ಬೇರ್ಪಡಿಸುವುದು. ಎಫ್.ಎಂ.ನಲ್ಲಿ ಧ್ವನಿ ಅಡಗಿರುವುದು ಆವರ್ತನದ ಏರಿಳಿತದಲ್ಲಿ, ಅಲೆಯ ಎತ್ತರದಲ್ಲಲ್ಲ. ಆದುದರಿಂದಲೇ ಮಿಂಚಿನ ಕರಕರ ಸದ್ದು ಇದರಲ್ಲಿ ಕಡಿಮೆ. ಹೊರಬರುವ ಧ್ವನಿ ಕ್ಷೀಣವಾದುದರಿಂದ ಸ್ಪೀಕರಿಗೆ ಚಿಕ್ಕ ಆಂಪ್ಲಿಫೈಯರ್ ಬೇಕು.

ಸದ್ದು ಬಾರದಿದ್ದರೆ ಈ ಕ್ರಮದಲ್ಲೇ ಪರೀಕ್ಷಿಸಿರಿ: ವಿದ್ಯುತ್ ಪೂರೈಕೆ, ಆಂಟೆನಾ, ಸಂಖ್ಯೆ, ಆಂಪ್ಲಿಫೈಯರ್. 5 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಚಿಪ್ಪು ಹಾಳಾದೀತು. ಬ್ಯಾಟರಿಯಿಂದಲೇ ನಡೆಯುವುದರಿಂದ ಹೆತ್ತವರು ಅಂಜಬೇಕಾಗಿಲ್ಲ. ಮನೆಯ ವಿದ್ಯುತ್ತಿಗೆ ಮಾತ್ರ ನೇರವಾಗಿ ಜೋಡಿಸಬಾರದು. ಇನ್ನೊಂದು ಮಾತು: ಕೇಳುವುದಕ್ಕೆ ತಡೆಯಿಲ್ಲ, ಆದರೆ ಅನುಮತಿಯಿಲ್ಲದೆ ನಿಲಯ ಕಟ್ಟಿ ಪ್ರಸಾರ ಮಾಡುವುದು ಅಪರಾಧ.

ಫಲಕ ಎಷ್ಟೇ ಕಿರಿದಾದರೂ ಅದರ ಹಿಂದಿರುವುದು ನಮ್ಮ ತರಗತಿಯ ಗುಣಾಕಾರ, ಭಾಗಾಕಾರಗಳೇ. ಅವನ್ನು ಬಲ್ಲವನಿಗೆ ಅದು ಆಟಿಕೆಯಲ್ಲ, ಪಾಠ.