ಎಳೆಯ ಕಂಠಗಳನ್ನು ಅರಸಿದವರು

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಹೊರಬಂದ ವಿದ್ವಾಂಸರ ಕೀರ್ತಿಯನ್ನು ವರ್ಣಿಸುವರು. ನನ್ನ ಮನಸ್ಸಾದರೋ, ಆ ಆಶ್ರಮವು ಹುಟ್ಟುವುದಕ್ಕೂ ಎಷ್ಟೋ ಮೊದಲು, ಹಾನಗಲ್ಲ ಸೀಮೆಯ ಹಳ್ಳಿಯ ಬಾಲಕರಿಬ್ಬರ ಹಾಡನ್ನು ಮಠಾಧಿಪತಿಯೊಬ್ಬರು ಕಿವಿಗೊಟ್ಟು ಕೇಳಿದ ಸಂಗತಿಯಲ್ಲಿಯೇ ನೆಲೆಸಿದೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನು ಹುಟ್ಟುಕುರುಡನು. ಸಹೋದರನಾದ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ. ಅವರ ಗಾನವನ್ನು ಆಲಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರು ವೃತ್ತಿಯಿಂದ ಗವಾಯಿಗಳಲ್ಲ. ಕಂಠದ ಮಾಧುರ್ಯಕ್ಕೆ ತಲೆದೂಗಿ, ಆಶೀರ್ವದಿಸಿ, ಮುಂದಿನ ಊರಿಗೆ ಹೊರಟುಬಿಡುವುದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡದೆ ಅವರು ಮಕ್ಕಳ ಅನ್ನ, ವಸತಿ, ಅಭ್ಯಾಸಗಳ ಭಾರವನ್ನು ಹೊತ್ತರು. ಗುರುಗಳನ್ನು ಹುಡುಕಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಬಳಿಕ ಹಿಂದುಸ್ಥಾನಿ ಪದ್ಧತಿಯ ಶಿಕ್ಷಣವು ಮಿರಜಿನ ನೀಲಕಂಠ ಬುವಾ ಅವರಿಂದ ದೊರೆಯಿತು. ಗದಿಗೆಯ್ಯನು ಪಂಚಾಕ್ಷರ ಗವಾಯಿಗಳಾದುದು ಹೀಗೆ. ಪ್ರತಿಭೆಯನ್ನು ಗುರುತಿಸುವವರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಮಗುವನ್ನು ಕಳುಹಿಸಿಕೊಡುವ ತಾಯಿಯ ಮನಸ್ಸಿನಲ್ಲಿ ಏಳುವ ‘ಉಣಿಸುವವರಾರು, ಮುಂದೇನು’ ಎಂಬ ಶಂಕೆಗೆ ಉತ್ತರವಾಗಿ ನಿಲ್ಲುವವರೇ ದುರ್ಲಭರೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಡೆದ ಋಣವನ್ನು ಗವಾಯಿಗಳು ಅದೇ ರೀತಿಯಲ್ಲಿ ತೀರಿಸಿದರು. ಅವರ ಪಾಠಶಾಲೆಯು ಬಹುಕಾಲ ಸಂಚಾರಿಯಾಗಿದ್ದಿತು: ಶಿಷ್ಯರು, ತಂಬೂರಿ, ಪೇಟಿ, ತಬಲಾಗಳೊಡನೆ ಊರಿಂದೂರಿಗೆ ಹೋಗುವುದು, ಭಕ್ತರು ನೀಡಿದ ಧಾನ್ಯದಲ್ಲಿ ದಾಸೋಹ ನಡೆಯಿಸುವುದು, ಜಾತಿ ಕೇಳದೆ ಶುಲ್ಕ ಕೇಳದೆ ಅಂಧ ಅನಾಥ ಬಾಲಕರನ್ನು ಸೇರಿಸಿಕೊಳ್ಳುವುದು. ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅದಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ನೆಲೆ ದೊರೆಯಿತು. ಹಾನಗಲ್ಲ ಸೀಮೆಯಲ್ಲಿಯೇ 1914ರಲ್ಲಿ ಜನಿಸಿ, ಎಳವೆಯಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡ ಪುಟ್ಟರಾಜನು ಸೋದರಮಾವನ ಪೇಟಿಯ ಮೇಲೆ ತಾನಾಗಿ ಬೆರಳಾಡಿಸುತ್ತಿದ್ದುದನ್ನು ಆ ಮಾವ ಚಂದ್ರಶೇಖರಯ್ಯನವರು ಗಮನಿಸಿ, ಬಾಲಕನನ್ನು ಗವಾಯಿಗಳ ಸನ್ನಿಧಿಗೆ ಕರೆತಂದರು. 1944ರಲ್ಲಿ ಗುರುವು ಲಿಂಗೈಕ್ಯರಾದ ಮೇಲೆ 2010ರ ವರೆಗೆ, ಅರುವತ್ತಾರು ವರ್ಷ, ಆಶ್ರಮವನ್ನು ಪೊರೆದವರು ಇದೇ ಪುಟ್ಟರಾಜ ಗವಾಯಿಗಳು. ನಾಟಕ ಕಂಪನಿಯನ್ನು ನಡೆಯಿಸಿ ಅದರ ಗಳಿಕೆಯಿಂದಲೂ ಮಕ್ಕಳಿಗೆ ಉಣಿಸಿದರು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ ಮೊದಲಾದವರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ.

ಕಣ್ಣಿಲ್ಲದ ಮಗುವಿಗೆ ಮೊದಲ ಪಾಠವು ಪುಸ್ತಕದಿಂದ ಬರಲಾರದು. ಷಡ್ಜವನ್ನು ಹಿಡಿದು ನಿಲ್ಲಿಸುವುದು, ಪಲ್ಟಾ ಎಂಬ ಸ್ವರಸರಣಿಗಳನ್ನು ಮರಳಿ ಮರಳಿ ಹಾಡಿ ಕಂಠಗತ ಮಾಡಿಕೊಳ್ಳುವುದು, ಗುರುವೇ ಪುಟ್ಟ ಬೆರಳನ್ನು ಹಿಡಿದು ಪೇಟಿಯ ಪಟ್ಟಿಯ ಮೇಲಿರಿಸುವುದು, ತಬಲಾದ ಬೋಲುಗಳನ್ನು ಬಾಯಲ್ಲಿ ಪಳಗಿಸಿದ ಅನಂತರವೇ ಕೈಗೆ ಇಳಿಸುವುದು. ಇವೆಲ್ಲಕ್ಕೂ ಸಹನೆಯೊಂದೇ ಬಂಡವಾಳ.

ಗವಾಯಿಗಳಿಬ್ಬರೂ ಹುಟ್ಟಿದ ಹಾನಗಲ್ಲ ಸೀಮೆಯಲ್ಲಿ, ಶಿಶುನಾಳ ಶರೀಫರ ತತ್ತ್ವಪದಗಳು ಏಕತಾರಿ ದಮ್ಮಡಿಗಳೊಡನೆ ಇಂದಿಗೂ ಮೊಳಗುವ ಶಿಗ್ಗಾಂವಿಯಲ್ಲಿ, ಸರ್ವಜ್ಞನ ನಾಡೆಂದು ಹೆಸರಾದ ಹಿರೇಕೆರೂರಿನಲ್ಲಿ, ನವಾಬರ ಸವಣೂರಿನಲ್ಲಿ ಕಂಠಗಳಿಗೇನು ಬರವೇ? ಆದರೆ ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದು ಪ್ರತ್ಯೇಕ ಶಿಕ್ಷಕರಿಲ್ಲ; ಆಗಸ್ಟ್ 15 ಸಮೀಪಿಸಿದಾಗ ಕವಾಯತಿಗಾಗಿ ಕೆಲವು ಮಕ್ಕಳ ಕೊರಳಿಗೆ ಡ್ರಮ್ಮು ಬೀಳುವುದಷ್ಟೆ, ಹಬ್ಬ ಮುಗಿದೊಡನೆ ಆ ಉತ್ಸಾಹಕ್ಕೆ ಮುಂದಿನ ದಾರಿಯಿಲ್ಲ. ವರ್ಷಕ್ಕೊಮ್ಮೆಯಾದರೂ ಬಲ್ಲ ಸಂಗೀತಗಾರರೊಬ್ಬರು ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ಬೀಡುಬಿಟ್ಟು, ನಾಲ್ಕನೆಯ ಐದನೆಯ ಇಯತ್ತೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಾಡಿಸಿ, ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ತಂದೆತಾಯಿಗಳೊಡನೆ ಮಾತನಾಡುವಂತಾದರೆ ಎಷ್ಟು ಚೆನ್ನು! ಕುಮಾರ ಸ್ವಾಮಿಗಳ ಹಾನಗಲ್ಲಿನಿಂದಲೇ ಅದು ಮೊದಲಾಗಲೆಂದು ನನ್ನ ಆಸೆ.