ಮುರಾನೊದ ಗುಟ್ಟು ಹಂಚಿದ ಗಾಜಿನ ಮೇಸ್ತ್ರಿ

ಲೀನೊ ತಾಲ್ಯಾಪಿಯೆತ್ರ ಹುಟ್ಟಿದ್ದು 1934ರಲ್ಲಿ, ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ. ಬೆಂಕಿ ಅನಾಹುತಕ್ಕೆ ಹೆದರಿದ ವೆನಿಸ್ ಗಣರಾಜ್ಯ 1291ರಲ್ಲಿ ಗಾಜಿನ ಕುಲುಮೆಗಳನ್ನು ಈ ದ್ವೀಪಕ್ಕೆ ಸಾಗಹಾಕಿತ್ತು. ಎಲ್ಲವೂ ಒಂದೇ ಕಡೆ ಸೇರಿದ್ದರಿಂದ ಕಸುಬಿನ ಗುಟ್ಟು ಕಾಯುವುದೂ ಸುಲಭವಾಯಿತು. ಊರು ಬಿಟ್ಟು ಹೋಗಿ ಹೊರಗೆ ಕುಲುಮೆ ಹೂಡಿದವರಿಗೆ ಶಿಕ್ಷೆಯ ಭಯವಿತ್ತು. ಕಾನೂನು ಹೋದ ಮೇಲೂ ಆ ಬಿಗಿ ಸಡಿಲವಾಗಲಿಲ್ಲ.

ಲೀನೊ 11ನೇ ವಯಸ್ಸಿಗೆ ಆರ್ಕಿಮೆಡೆ ಸೆಗೂಸೊ ಅವರ ಕುಲುಮೆ ಸೇರಿ, 21ಕ್ಕೆಲ್ಲ ‘ಮಾಯೆಸ್ತ್ರೊ’, ಅಂದರೆ ತಂಡ ನಡೆಸುವ ಮೇಸ್ತ್ರಿ ಎನಿಸಿಕೊಂಡರು. ಆದರೆ ಕಾರ್ಖಾನೆಗಳಲ್ಲಿ ನಕ್ಷೆ ಬರೆಯುವವರು ವಿನ್ಯಾಸಕಾರರು, ಹೆಸರು ಕಂಪನಿಯದು. ಗಾಜು ಊದಿದವನು ಎಷ್ಟೇ ನಿಪುಣನಾದರೂ ತೆರೆಮರೆಯಲ್ಲೇ ಉಳಿಯುತ್ತಿದ್ದ.

ಅಮೆರಿಕದಲ್ಲಿ ಪರಿಸ್ಥಿತಿ ತಿರುಗುಮುರುಗಾಗಿತ್ತು. 1962ರಲ್ಲಿ ಕಲಾವಿದ ಹಾರ್ವೆ ಲಿಟಲ್‌ಟನ್ ಟೊಲೆಡೊ ನಗರದಲ್ಲಿ ನಡೆಸಿದ ಕಮ್ಮಟಗಳಿಂದ ಕಲಾವಿದರೇ ಗಾಜು ಊದುವ ಪರಿಪಾಠ ಶುರುವಾಗಿತ್ತು. ಹುಮ್ಮಸ್ಸು ಬೇಕಾದಷ್ಟಿತ್ತು, ಕೈಚಳಕ ಸಾಲದಾಗಿತ್ತು. ಗಾಜಿನ ಕಲಾವಿದ ಡೇಲ್ ಚಿಹೂಲಿ ಮತ್ತು ಕಲಾಪೋಷಕರು 1971ರಲ್ಲಿ ಸಿಯಾಟಲ್‌ನ ಉತ್ತರಕ್ಕೆ ಕಾಡಿನ ನಡುವೆ ಕಟ್ಟಿದ ಪಿಲ್ಚಕ್ ಶಾಲೆಗೆ 1979ರಲ್ಲಿ ಲೀನೊ ಪಾಠ ಹೇಳಲು ಬಂದರು. ಅವರ ಭಾವಮೈದುನ ಹಿಂದಿನ ವರ್ಷವೇ ಬಂದು ಹೋಗಿದ್ದರು. ಮನೆಯ ಗುಟ್ಟು ಬೀದಿಗೆ ಹಾಕಿದರೆಂದು ಮುರಾನೊದಲ್ಲಿ ಸಿಟ್ಟಾದವರಿದ್ದರು. ಅವರ ಸಿಟ್ಟಿಗೂ ಅರ್ಥವಿತ್ತು, ಅದು ಅವರ ಅನ್ನದ ಪ್ರಶ್ನೆ.

ಲೀನೊ ಕಲಿಸಿದ್ದು ಹೆಚ್ಚಾಗಿ ಮಾಡಿ ತೋರಿಸಿ. ‘ಜಾನ್‌ಫಿರಿಕೊ’ ಎಂಬ ಕುಸುರಿಯನ್ನೇ ನೋಡಬಹುದು. ತಿಳಿಗಾಜಿನ ಬಿಸಿ ಮುದ್ದೆಯ ಸುತ್ತ ಬಣ್ಣದ ಎಳೆಗಳನ್ನು ಕೂರಿಸಿ, ಇಬ್ಬರು ಎರಡು ತುದಿ ಹಿಡಿದು ದೂರ ಸರಿಯುತ್ತ ಎಳೆಯುತ್ತಾರೆ. ಎಳೆಯುವಾಗಲೇ ತಿರುಚಿದರೆ ಒಳಗಿನ ಬಣ್ಣ ಹೊಸೆದ ಹಗ್ಗದಂತೆ ಸುತ್ತಿಕೊಂಡು ತೆಳ್ಳನೆಯ ಕಡ್ಡಿಯಾಗುತ್ತದೆ. ತುಂಡರಿಸಿದ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ, ಕಾಯಿಸಿ ಬೆಸೆದು, ಊದುಕೊಳವೆಯ ತುದಿಗೆ ಸುರುಳಿ ಸುತ್ತಿ ಊದುತ್ತಾರೆ. ‘ಇಂಕಾಲ್ಮೊ’ ಇನ್ನೂ ಕಠಿಣ: ಬೇರೆ ಬೇರೆ ಬಣ್ಣದ ಎರಡು ಗುಳ್ಳೆಗಳ ಬಾಯಿ ತೆರೆದು, ಬಿಸಿಯಿರುವಾಗಲೇ ಅಂಚಿಗೆ ಅಂಚು ಕೂಡಿಸಬೇಕು. ಬಾಯಿಯ ಅಳತೆ ತಪ್ಪಿದರೆ ಬೆಸುಗೆ ಕೂರುವುದಿಲ್ಲ. ಇವರಿಂದ ಕಲಿತವರಲ್ಲಿ ಡಾಂಟೆ ಮಾರಿಯೋನಿ ಹೆಸರಾದರು. 1988ರಲ್ಲಿ ಚಿಹೂಲಿಯವರ ‘ವೆನೀಶಿಯನ್ಸ್’ ಸರಣಿಗೆ ಗಾಜು ಊದಿದ್ದೂ ಲೀನೊ ಅವರೇ.

ಪಾಠ ಹೇಳಲು ಹೋದವರು ಅಲ್ಲಿಂದ ಪಡೆದದ್ದೂ ಕಡಿಮೆಯಲ್ಲ. ಮಾಡುವವನೇ ಕಲಾವಿದ ಎಂಬ ಅಮೆರಿಕದ ನಿಲುವು ಅವರಿಗೆ ಹಿಡಿಸಿತು. ಐವತ್ತು ದಾಟಿದ ಮೇಲೆ ಕಾರ್ಖಾನೆ ಬಿಟ್ಟು ಸ್ವಂತ ಹೆಸರಿನಲ್ಲಿ ಶಿಲ್ಪ ಮಾಡತೊಡಗಿದರು. ಉದ್ದ ಕೊರಳು ಬಾಗಿಸಿದ ‘ಡೈನೋಸಾರ್’, ಚಾವಣಿಯಿಂದ ಹಿಂಡಾಗಿ ತೂಗುವ ದೋಣಿಗಳ ‘ಎಂಡೆವರ್’ ಈ ಅವಧಿಯವು. ಎಂಬತ್ತು ದಾಟಿದ ಮೇಲೂ ಕುಲುಮೆ ಬಿಡಲಿಲ್ಲ. ಟಕೋಮಾದ ಗಾಜಿನ ವಸ್ತುಸಂಗ್ರಹಾಲಯ 2008ರಲ್ಲಿ ಅವರ ಜೀವಮಾನದ ಕೃತಿಗಳನ್ನು ಒಟ್ಟಾಗಿ ಪ್ರದರ್ಶಿಸಿತು. ಅವರ ಹಲವು ಶಿಲ್ಪಗಳ ಮೈ ನುಣುಪಾಗಿಲ್ಲ. ಗಾಜು ಪೂರ್ತಿ ಆರಿದ ಮೇಲೆ ಸಾಣೆ ಚಕ್ರಕ್ಕೆ ಒತ್ತಿ ಕೊರೆದ ಸಣ್ಣ ಸಣ್ಣ ಗೀರುಗಳು ಬೆಳಕನ್ನು ಚದುರಿಸುತ್ತವೆ. ‘ಬತ್ತೂತೊ’ ಎಂಬ ಈ ಹಳೆಯ ವಿದ್ಯೆಯೂ ಮುರಾನೊದಿಂದಲೇ ಬಂದದ್ದು.